ಅಮ್ಮನ ಮರೆವಿಗೆ ಜ್ಯೇಷ್ಠಮಧು: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಇಳಿಸಿದರೆ ಆಲ್‌ಝೈಮರ್ ಹತೋಟಿಗೆ ಬರುತ್ತದಂತೆ, ಅಮ್ಮನಿಗೆ ದಿನಾ ಜ್ಯೇಷ್ಠಮಧು ಕಷಾಯ ಕೊಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಅವರಿಗೆ ಬಿಪಿ ಇದೆ ಅಂತ ನೀವೇ ಬರೆದಿದ್ದೀರಲ್ಲ.

ಆ ಮಾತು ಪೂರ್ತಿ ಗಾಳಿಸುದ್ದಿಯಲ್ಲ. ನಿಷ್ಕ್ರಿಯ ಕಾರ್ಟಿಸೋನನ್ನು ಮಿದುಳಿನೊಳಗೇ ಕಾರ್ಟಿಸೋಲ್ ಆಗಿಸುವ ಕಿಣ್ವವೊಂದಿದೆ, 11 ಬೀಟಾ ಎಚ್‌ಎಸ್‌ಡಿ1. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲೂ ಅದು ಕೆಲಸ ಮಾಡುತ್ತದೆ. 2004ರಲ್ಲಿ ಪ್ರಕಟವಾದ ಎಡಿನ್‌ಬರೋದ ಸಣ್ಣ ಪ್ರಯೋಗದಲ್ಲಿ, ಈ ಕಿಣ್ವವನ್ನು ತಡೆಯುವ, ಜ್ಯೇಷ್ಠಮಧು ಮೂಲದ ಕಾರ್ಬೆನಾಕ್ಸೊಲೋನ್ ಎಂಬ ಮದ್ದು ತೆಗೆದುಕೊಂಡ ಆರೋಗ್ಯವಂತ ವಯಸ್ಸಾದ ಗಂಡಸರಿಗೆ ಪದಗಳು ಹೆಚ್ಚು ಸರಾಗವಾಗಿ ಹೊಳೆದವು. ತೊಂದರೆ ಏನೆಂದರೆ, ಆ ಮದ್ದು ಮೂತ್ರಪಿಂಡದಲ್ಲಿ ಕಾರ್ಟಿಸೋಲನ್ನು ನಿಷ್ಕ್ರಿಯಗೊಳಿಸುವ ಇನ್ನೊಂದು ಕಿಣ್ವವನ್ನೂ ತಡೆಯುತ್ತದೆ. ಉಪ್ಪು, ನೀರು ಮೈಯಲ್ಲೇ ಉಳಿದು ಬಿಪಿ ಏರುತ್ತದೆ, ಪೊಟ್ಯಾಸಿಯಂ ಕುಸಿಯುತ್ತದೆ. ಅದಕ್ಕೇ ಆ ಪ್ರಯೋಗದಲ್ಲಿ ಜೊತೆಗೆ ಅಮಿಲೋರೈಡ್ ಎಂಬ, ಪೊಟ್ಯಾಸಿಯಂ ಉಳಿಸಿ ಉಪ್ಪು ನೀರು ಹೊರಹಾಕುವ ಮಾತ್ರೆ ಕೊಟ್ಟಿದ್ದರು. ಬರೀ ಜ್ಯೇಷ್ಠಮಧು ಜಾಸ್ತಿಯಾದರೂ ಇದೇ ಗತಿ.

ಮೊದಲ ಕಿಣ್ವವನ್ನಷ್ಟೇ ತಡೆಯುವ ಮಾತ್ರೆಗಳೂ ಬಂದವು. ಅವುಗಳಲ್ಲಿ ಎಬಿಟಿ-384 ಫಲ ಕೊಡಲಿಲ್ಲ. ಇನ್ನೊಂದಾದ ಝಾನಮೆಮ್ಮನ್ನು ಆಲ್‌ಝೈಮರ್ ರೋಗಿಗಳಿಗೆ ದಿನಕ್ಕೆ 10 ಮಿಲಿಗ್ರಾಂನಂತೆ 12 ವಾರ ಕೊಟ್ಟು ನೋಡಿದರು. 2019ರಲ್ಲಿ ಬಂದ ಫಲಿತಾಂಶದಲ್ಲಿ ನೆನಪೇನೂ ಸುಧಾರಿಸಿರಲಿಲ್ಲ. ಇಷ್ಟು ನಿಧಾನದ ಕಾಯಿಲೆಗೆ 12 ವಾರ ಯಾವ ಲೆಕ್ಕ ಅಂತ ನನಗನ್ನಿಸುತ್ತದೆ. ಆಲ್‌ಝೈಮರ್ ರೋಗಿಗಳ ಮೇಲಿನ ಮುಂದಿನ ಪ್ರಯೋಗವನ್ನು 36 ವಾರಕ್ಕೆ ಇಟ್ಟುಕೊಂಡರು.

ಕಷಾಯ ಈಗಾಗಲೇ ಶುರು ಮಾಡಿದ್ದರೆ ನಿಲ್ಲಿಸಿ, ಡಾಕ್ಟರಿಗೆ ಹೇಳಿ, ಬಿಪಿ ಜೊತೆ ಪೊಟ್ಯಾಸಿಯಮ್ಮೂ ನೋಡಿಸಿ.