ಐವರೂ ನಿರ್ದೇಶಕರಾದರೆ ಭೂತ ಯಾರು?

ಪ್ರಶ್ನೆ: ನಾವು ಕೊಡಗಿನ ಸಿದ್ದಾಪುರದ ಐವರು ಗೆಳೆಯರು. ಕಡಿಮೆ ದುಡ್ಡಲ್ಲಿ, ಹಳೇ ತೋಟದ ಬಂಗಲೆಯಲ್ಲಿ ಹಾರರ್ ಸಿನಿಮಾ ಮಾಡುವ ಆಸೆ. ಐವರೂ ನಿರ್ದೇಶಕರಾಗಬೇಕು ಅಂತಿದ್ದೇವೆ. ಏನು ಮಾಡೋಣ ಸಾರ್?

ಉತ್ತರ: ಒಬ್ಬರು ನಿರ್ದೇಶಿಸಿ, ಉಳಿದವರು ಮುಂದಿನ ಸಿನಿಮಾಕ್ಕೆ ಕಾಯಿರಿ. ನಿಮ್ಮಲ್ಲಿ ಸೌಂಡ್ ನೋಡುವವರೇ ಇಲ್ಲ ಅಲ್ವಾ? ನಾನಾದರೆ ಕ್ಯಾಮೆರಾಗಿಂತ ಮೊದಲು ಅವರನ್ನು ಹುಡುಕುತ್ತೇನೆ. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಮಂಜು ಸಿಗುತ್ತದೆ ಅಂತ ಜುಲೈಯಲ್ಲಿ ಶೂಟಿಂಗ್ ಇಟ್ಟರೆ, ಶೀಟಿನ ಮೇಲಿನ ಮಳೆ ಒಂದು ಡೈಲಾಗನ್ನೂ ಉಳಿಸುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಕಾಫಿ ಕೊಯ್ಲು, ತೋಟದವರು ಒಳಗೇ ಬಿಡುವುದಿಲ್ಲ. ತಡವಾಗಿ ಹಣ್ಣಾಗುವ ರೋಬಸ್ಟಾ ಕಾಫಿಯ ಕೊಯ್ಲೂ ಮುಗಿದ ಮೇಲೆ, ಏಪ್ರಿಲ್‌ನಲ್ಲಿ ಕೇಳಿ ನೋಡಿ. ಮಂಜಿಗೆ ಹೊಗೆ ಸಾಕು.

ದುಬಾರಿ ಸಲಕರಣೆ ಸುಮ್ನೆ ಬಾಡಿಗೆಗೆ ತರಬೇಡಿ. 1981ರ ಹಾರರ್ ಸಿನಿಮಾ ‘ದಿ ಈವಿಲ್ ಡೆಡ್’ಗಾಗಿ ನಿರ್ದೇಶಕ ಸ್ಯಾಮ್ ರೈಮಿ ತಂಡ ಹಲಗೆಗೆ ಕ್ಯಾಮೆರಾ ಕಟ್ಟಿ, ಎರಡೂ ತುದಿ ಹಿಡಿದು ಕಾಡಲ್ಲಿ ಓಡಿತ್ತು. ಕಾಣದ ಭೂತದ ಓಟ ಬಂದದ್ದು ಹಾಗೆ. ನಿಮ್ಮಲ್ಲಿ ಇಬ್ಬರಿಗೆ ಆ ಕೆಲಸ ಕೊಡಿ. ರಾತ್ರಿ ಮಾತ್ರ ಬೇಡ, ನಿಮ್ಮ ಕಡೆ ತೋಟಕ್ಕೆ ಆನೆ ಬರುತ್ತವೆ. ಹಗಲಲ್ಲೇ ತೆಗೆದು ಎಡಿಟಿಂಗ್‌ನಲ್ಲಿ ಕತ್ತಲು ಮಾಡಿ. ಐದನೆಯವರು ಅಡುಗೆ, ಅನುಮತಿ, ಲೆಕ್ಕ ನೋಡಿಕೊಳ್ಳಲಿ. ಟೈಟಲ್ ಕಾರ್ಡಿನಲ್ಲಿ ಅವರ ಹೆಸರು ದೊಡ್ಡದಾಗಿ ಹಾಕಿ.