ಕುಡಿತ ಬಿಡಲು ಬಂದವರು 'ಸಾಯ್ತೀನಿ' ಅಂದರೆ ಯಾವಾಗ ಗಂಭೀರವಾಗಿ ತಗೋಬೇಕು?

ವ್ಯಸನಮುಕ್ತಿ ಕೇಂದ್ರಕ್ಕೆ ಹೊಸದಾಗಿ ಸೇರಿದ್ದೀರಿ, ಈ ಮಾತು ಆಗಾಗ ಕಿವಿಗೆ ಬೀಳುತ್ತದೆ, ಯಾವುದು ನಿಜ ಅಂತ ಕೇಳಿದ್ದೀರಿ. ನಾನೂ ಇದೇ ಕೆಲಸದವಳು. ನಿಜ-ಸುಳ್ಳು ವಿಂಗಡಿಸೋಕೆ ಹೋಗಲೇಬೇಡಿ. ಪ್ರತಿ ಸಲವೂ ವಿಚಾರಿಸಿ.

'ಅಮಲಲ್ಲಿ ಅಂದಿದ್ದು ಬಿಡಿ ಮೇಡಂ' ಅಂತ ಮನೆಯವರು ಹೇಳುತ್ತಾರೆ. ಆದರೆ ಅಮಲಿನಲ್ಲೇ ಅಪಾಯ ಜಾಸ್ತಿ, ತಡೆಯುವ ಬುದ್ಧಿ ಆಗ ಮಂಕಾಗಿರುತ್ತದೆ. ಅಂಥವರನ್ನು ಒಂಟಿಯಾಗಿ ಕಳಿಸಬೇಡಿ. ಅಮಲು ಇಳಿದ ಮೇಲೆ ಮತ್ತೆ ಕೇಳಿ.

ಕೇಳುವ ರೀತಿಯಲ್ಲೇ ಅರ್ಧ ಕೆಲಸ ಇದೆ. 'ಅಂಥ ಯೋಚನೆ ಏನೂ ಇಲ್ಲ ಅಲ್ವಾ?' ಅಂದರೆ 'ಇಲ್ಲ' ಅಂತಲೇ ಉತ್ತರ ಬರುತ್ತದೆ. 'ಸಾಯಬೇಕು ಅಂತ ಅನ್ನಿಸ್ತಿದೆಯಾ?' ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಅನ್ನೋದು ಸುಳ್ಳು ಭಯ. ಒಬ್ಬರು ಟೀ ಲೋಟ ತಿರುಗಿಸುತ್ತಾ, 'ನಾನಿಲ್ಲದಿದ್ರೆ ಮನೇಲಿ ನೆಮ್ಮದಿಯಾಗಿರ್ತಾರೆ' ಅಂದಿದ್ದರು. ಗಲಾಟೆ ಮಾಡಿ 'ಸಾಯ್ತೀನಿ' ಅನ್ನುವವರ ಮಾತಿಗಿಂತ ನನಗೆ ಈ ಮಾತೇ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ. ನೇರ ಪ್ರಶ್ನೆಗೆ ಯಾರಾದರೂ ಹೌದು ಅಂದರೆ ಹೇಗೆ, ಯಾವಾಗ ಅಂತ ಯೋಚಿಸಿದ್ದಾರಾ, ಅದು ಕೈಗೆ ಸಿಗುವಂತಿದೆಯಾ, ಹಿಂದೆ ಪ್ರಯತ್ನ ಮಾಡಿದ್ದರಾ ಅಂತ ತಿಳಿದುಕೊಳ್ಳಿ.

ಹಿಂದಿನ ಪ್ರಯತ್ನ ದೊಡ್ಡ ಎಚ್ಚರಿಕೆ. ಪೊಲೀಸ್ ಕೇಸ್ ಆಗುತ್ತದೆ ಅಂತ ಮನೆಯವರು ಅದನ್ನು ಮುಚ್ಚಿಡಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಇದನ್ನು ಹೇಳಿ ನೋಡಿ, ಬಾಯಿ ಬಿಡುತ್ತಾರೆ.

ಬಿಟ್ಟವರು ಮತ್ತೆ ಕುಡಿದ ವಾರ, ಹೆಂಡತಿ ತವರಿಗೆ ಹೋದಾಗ, ಕೆಲಸ ಹೋದಾಗ, ಡಿಸ್ಚಾರ್ಜ್ ಆದ ಹೊಸತರಲ್ಲಿ ಕಣ್ಣಿಟ್ಟಿರಿ. ನಿದ್ದೆ ಕೆಟ್ಟಿದೆಯಾ ನೋಡಿ. ಕುಗ್ಗಿಹೋಗಿದ್ದವರು ಕಾರಣವಿಲ್ಲದೆ ದಿಢೀರ್ ಶಾಂತರಾದರೆ 'ಸುಧಾರಿಸಿದರು' ಅಂತ ಸುಮ್ನಾಗಬೇಡಿ.

ಒಬ್ಬರೇ ತೀರ್ಮಾನ ಮಾಡಬೇಡಿ. ವ್ಯಸನ, ಮಾನಸಿಕ ಆರೋಗ್ಯದ ಕೆಲಸ ನೋಡುವ ಅಮೆರಿಕ ಸರ್ಕಾರದ ಸ್ಯಾಮ್‌ಸಾ ಸಂಸ್ಥೆ 2009ರಲ್ಲಿ ನಮ್ಮಂಥ ಕೌನ್ಸೆಲರ್‌ಗಳಿಗೆಂದೇ ತಂದ ಕೈಪಿಡಿಯೂ ಇದನ್ನೇ ಹೇಳುತ್ತದೆ: ವಿಚಾರಿಸಿ, ಮೇಲಿನವರಿಗೆ ತಿಳಿಸಿ, ಕ್ರಮ ತಗೊಳ್ಳಿ, ಆಮೇಲೂ ವಿಚಾರಿಸುತ್ತಿರಿ. 'ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ' ಅಂದರೆ ಕೊಡಬೇಡಿ. ಸೈಕಿಯಾಟ್ರಿಸ್ಟ್ ನೋಡುವವರೆಗೆ ಜೊತೆಗೆ ಒಬ್ಬರಿರಲಿ. ಹಳ್ಳಿಯವರಾದರೆ ಕೀಟನಾಶಕವನ್ನು ಮನೆಯಿಂದಾಚೆ ಬೀಗ ಹಾಕಿಡಲು ಮನೆಯವರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ ನಂಬರ್ 14416 ಬರೆದುಕೊಡಿ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೂ ಮಾತಾಡಬಹುದು. ಮಾರನೇ ದಿನ ನೀವೇ ಫೋನ್ ಮಾಡಿ, ಅವರು ಮಾಡಲಿ ಅಂತ ಕಾಯಬೇಡಿ.