ಪ್ಲೇಟ್ ಕಟ್ಟಿಂಗ್‌ಗೆ ಅಸಿಟಿಲಿನ್ ತಗೊಳ್ಳಬೇಕಾ, ಎಲ್‌ಪಿಜಿ ಸಾಕಾ? ಸೆಟ್‌ನಲ್ಲಿ ಏನೇನು ಇರಬೇಕು?

ರಾಣೆಬೆನ್ನೂರಿನ ಹತ್ತಿರ ಟ್ರ್ಯಾಕ್ಟರ್ ಟ್ರೇಲರ್ ಮಾಡುವ ಶೆಡ್ ಶುರು ಮಾಡುತ್ತಿದ್ದೇನೆ ಎಂದಿದ್ದೀರಿ. 6ರಿಂದ 25 ಎಂಎಂವರೆಗಿನ ಎಂಎಸ್ (ಮೈಲ್ಡ್ ಸ್ಟೀಲ್, ಸಾಮಾನ್ಯ ಉಕ್ಕು) ಪ್ಲೇಟು, ಚಾನೆಲ್ಲು ಕತ್ತರಿಸಬೇಕು. ವೆಲ್ಡಿಂಗ್‌ಗೆ ಆರ್ಕ್ ಮಷಿನ್ ಆಗಲೇ ಇದೆ. ಒಬ್ಬರು ಅಸಿಟಿಲಿನ್ ಅಂತಾರೆ, ಇನ್ನೊಬ್ಬರು ಎಲ್‌ಪಿಜಿ ಅಂತಾರೆ, ಯಾರ ಮಾತು ಕೇಳಲಿ ಎಂಬುದು ನಿಮ್ಮ ಪ್ರಶ್ನೆ.

ನಿಮ್ಮ ಕೆಲಸಕ್ಕೆ ಎಲ್‌ಪಿಜಿ ತಗೊಳ್ಳಿ. ಉಳಿಯುವ ದುಡ್ಡನ್ನು ಒಳ್ಳೆಯ ರೆಗ್ಯುಲೇಟರಿಗೂ ಫ್ಲ್ಯಾಶ್‌ಬ್ಯಾಕ್ ಅರೆಸ್ಟರಿಗೂ (ಉರಿ ಪೈಪಿನೊಳಗೆ ಹಿಂದಕ್ಕೆ ನುಗ್ಗದಂತೆ ತಡೆಯುವ ಸಾಧನ) ಹಾಕಿ. ಹದಿನೆಂಟು ವರ್ಷದಿಂದ ಕಟ್ಟಿಂಗ್ ಟಾರ್ಚ್ ಹಿಡಿದಿದ್ದೇನೆ, ಎರಡೂ ಗ್ಯಾಸಿನಲ್ಲಿ ಕೆಲಸ ಮಾಡಿದ್ದೇನೆ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ಬಹಳ ಜನ ಉರಿಯೇ ಕಬ್ಬಿಣವನ್ನು ಕರಗಿಸಿ ಕತ್ತರಿಸುತ್ತದೆ ಅಂದುಕೊಂಡಿರುತ್ತಾರೆ. ಹಾಗಲ್ಲ. ಉರಿ ಮಾಡುವುದು ಕಬ್ಬಿಣವನ್ನು ಕೆಂಡದ ಬಣ್ಣಕ್ಕೆ ತರುವ ಕೆಲಸ ಮಾತ್ರ, ಅಂದರೆ ಸುಮಾರು 900 ಡಿಗ್ರಿ ಸೆಲ್ಸಿಯಸ್. ಆಮೇಲೆ ಟಾರ್ಚಿನ ಲಿವರ್ ಒತ್ತಿದಾಗ ನಡುವಿನ ತೂತಿನಿಂದ ಬರುವ ಆಕ್ಸಿಜನ್ ಧಾರೆಯಲ್ಲಿ ಕಬ್ಬಿಣವೇ ಸೌದೆಯ ಹಾಗೆ ಉರಿಯುತ್ತದೆ. ಉರಿದು ಆದ ಕಿಟ್ಟ ಉಕ್ಕಿಗಿಂತ ಕಡಿಮೆ ಬಿಸಿಗೇ ಕರಗುತ್ತದೆ. ಹಾಗಾಗಿ ಅದು ಕೆಳಗೆ ಹರಿದು ಹೋಗುತ್ತದೆ, ಪ್ಲೇಟ್ ಸೀಳುತ್ತದೆ. ಸ್ಟೇನ್‌ಲೆಸ್ ಸ್ಟೀಲು, ಅಲ್ಯೂಮಿನಿಯಂ ಈ ಟಾರ್ಚಿಗೆ ಬಗ್ಗದಿರುವುದಕ್ಕೂ ಇದೇ ಕಾರಣ. ಅವುಗಳ ಮೇಲೆ ಕಟ್ಟುವ ಪದರ ಲೋಹಕ್ಕಿಂತ ಜಾಸ್ತಿ ಬಿಸಿ ಬೇಡುತ್ತದೆ. ಅವಕ್ಕೆ ಪ್ಲಾಸ್ಮಾ ಕಟ್ಟಿಂಗ್ ಮಷಿನ್ ಬೇಕು.

ಇದು ತಲೆಯಲ್ಲಿ ಕೂತರೆ ಗ್ಯಾಸಿನ ಆಯ್ಕೆ ಸುಲಭ. ಅಸಿಟಿಲಿನ್ ಉರಿ 3,100 ಡಿಗ್ರಿ ದಾಟುತ್ತದೆ, ಎಲ್‌ಪಿಜಿಯದು 2,800ರ ಆಸುಪಾಸು. ಅಸಿಟಿಲಿನ್‌ನ ಬಿಸಿ ಉರಿಯ ಒಳಗಿನ ಚೂಪು ತುದಿಯಲ್ಲಿ ಕೂತಿರುತ್ತದೆ, ಎಲ್‌ಪಿಜಿಯದು ಹೊರಗೆ ಅಗಲವಾಗಿ ಹರಡಿರುತ್ತದೆ. ಹಾಗಾಗಿ ಶುರುವಿನಲ್ಲಿ ಕಾಯಿಸಲು ಎಲ್‌ಪಿಜಿಗೆ ಸ್ವಲ್ಪ ಹೊತ್ತು ಜಾಸ್ತಿ ಬೇಕು. ಕಟ್ ಒಮ್ಮೆ ಹಿಡಿದ ಮೇಲೆ ಕತ್ತರಿಸುವುದು ಆಕ್ಸಿಜನ್ ಅಲ್ವಾ? ಉದ್ದನೆಯ ಕಟ್‌ನಲ್ಲಿ ವ್ಯತ್ಯಾಸ ಅಷ್ಟೇನೂ ಕಾಣುವುದಿಲ್ಲ. ದಿನವಿಡೀ ಪ್ಲೇಟಿನ ನಡುವೆ ತೂತು ಹೊಡೆಯುವ ಕೆಲಸವಿದ್ದರೆ, ಅಥವಾ ತುಕ್ಕು ಹಿಡಿದ ನಟ್ಟನ್ನು ಬೇಗ ಕಾಯಿಸಿ ಬಿಚ್ಚುವ ರಿಪೇರಿ ಕೆಲಸವೇ ಹೆಚ್ಚಿದ್ದರೆ ಅಸಿಟಿಲಿನ್ ವಾಸಿ. ಗ್ಯಾಸ್ ವೆಲ್ಡಿಂಗ್ ಮಾಡುವುದಿದ್ದರಂತೂ ಅದೇ ಬೇಕು, ಎಲ್‌ಪಿಜಿಯಲ್ಲಿ ಉಕ್ಕಿನ ವೆಲ್ಡಿಂಗ್ ಆಗುವುದಿಲ್ಲ. ನಿಮಗೆ ಇದ್ಯಾವುದೂ ಇಲ್ಲ.

ಒಂದು ವಿಷಯ ಅಂಗಡಿಯವರು ಹೇಳುವುದಿಲ್ಲ. ಎಲ್‌ಪಿಜಿ ಅಗ್ಗ, ಆದರೆ ಆಕ್ಸಿಜನ್ ಜಾಸ್ತಿ ಕುಡಿಯುತ್ತದೆ. ಒಂದು ಪಾಲು ಅಸಿಟಿಲಿನ್ ಉರಿಯಲು ಸಿಲಿಂಡರಿನಿಂದ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಆಕ್ಸಿಜನ್ ಸಾಕು. ಎಲ್‌ಪಿಜಿಗೆ ಹತ್ತಿರ ಹತ್ತಿರ ನಾಲ್ಕು ಪಾಲು ಬೇಕು. ಲೆಕ್ಕ ಹಾಕುವಾಗ ಗ್ಯಾಸಿನ ಬೆಲೆಯೊಂದನ್ನೇ ನೋಡಬೇಡಿ, ವಾರಕ್ಕೆ ಎಷ್ಟು ಆಕ್ಸಿಜನ್ ಸಿಲಿಂಡರ್ ಖಾಲಿಯಾಗುತ್ತದೆ ಅದನ್ನೂ ನೋಡಿ. ಆಕ್ಸಿಜನ್ ಶುದ್ಧ ಇರಬೇಕು, 99.5 ಶೇಕಡಾ. ಅದು ಒಂದು ಶೇಕಡಾ ಇಳಿದರೂ ಕಟ್ಟಿಂಗ್ ವೇಗ ಸುಮಾರು ಕಾಲು ಭಾಗ ಬೀಳುತ್ತದೆ. ಕಟ್ ಸುಮ್ನೆ ನಿಧಾನವಾದರೆ ಗ್ಯಾಸನ್ನು ಬೈಯುವ ಮೊದಲು ಆಕ್ಸಿಜನ್ ಸಿಲಿಂಡರ್ ಬದಲಿಸಿ ನೋಡಿ.

ಅಸಿಟಿಲಿನ್‌ಗೆ ಇನ್ನೂ ಒಂದು ಕಟ್ಟುಪಾಡಿದೆ. ಪೈಪಿಗೆ ಬಿಡುವಾಗ ಅದರ ಒತ್ತಡ 15 ಪಿಎಸ್‌ಐ (ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ) ದಾಟಬಾರದು, ದಾಟಿದರೆ ತಾನಾಗಿಯೇ ಒಡೆದು ಸಿಡಿಯಬಹುದು. ಅದಕ್ಕೇ ಆ ಮರೂನ್ ಬಣ್ಣದ ಡಿಎ (ಕರಗಿಸಿದ ಅಸಿಟಿಲಿನ್) ಸಿಲಿಂಡರಿನ ಒಳಗೆ ಸ್ಪಂಜಿನಂಥ ವಸ್ತು ತುಂಬಿ, ಅಸಿಟೋನ್‌ನಲ್ಲಿ ಗ್ಯಾಸನ್ನು ಕರಗಿಸಿ ಇಟ್ಟಿರುತ್ತಾರೆ. ಇಂಥ ಸಿಲಿಂಡರನ್ನು ಸುಧಾರಿಸಿದವರಲ್ಲಿ ಒಬ್ಬರು ಸ್ವೀಡನ್ನಿನ ಗುಸ್ತಾಫ್ ಡಾಲೆನ್. 1912ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ವರ್ಷ ಅಸಿಟಿಲಿನ್ ಸಿಲಿಂಡರ್ ಪರೀಕ್ಷಿಸುವಾಗ ಸಿಡಿದು ಎರಡೂ ಕಣ್ಣು ಹೋದವು. ಅಷ್ಟು ತಿಳಿದವರಿಗೇ ಹಾಗಾಯಿತು ಅನ್ನುವುದು ನನಗೆ ಡಿಎ ಸಿಲಿಂಡರ್ ಮುಟ್ಟಿದಾಗಲೆಲ್ಲ ನೆನಪಾಗುತ್ತದೆ.

ಇನ್ನು ಸಾಮಾನು. ಮೊದಲು ನಾಜಲ್. ಅಸಿಟಿಲಿನ್ ನಾಜಲ್ ಬೇರೆ, ಎಲ್‌ಪಿಜಿ ನಾಜಲ್ ಬೇರೆ. ಕೈಯಲ್ಲಿ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಅಸಿಟಿಲಿನ್‌ನದು ಒಂದೇ ತುಂಡು, ಮುಖ ಚಪ್ಪಟೆ, ನಡುವಿನ ತೂತಿನ ಸುತ್ತ ಸಣ್ಣ ತೂತುಗಳು. ಎಲ್‌ಪಿಜಿಯದು ಎರಡು ತುಂಡು. ಹೊರಗೆ ತಾಮ್ರದ ಟೊಪ್ಪಿ, ಒಳಗೆ ಸುತ್ತಲೂ ಗೀರು ಕೊರೆದ ಹಿತ್ತಾಳೆ ಕಡ್ಡಿ. ಕಡ್ಡಿಯ ತುದಿ ಟೊಪ್ಪಿಯ ಬಾಯಿಗಿಂತ ಸ್ವಲ್ಪ ಒಳಗೇ ನಿಲ್ಲುತ್ತದೆ. ಎಲ್‌ಪಿಜಿ ಉರಿ ನಿಧಾನದ್ದು. ಆ ಸಣ್ಣ ಗುಂಡಿ ಇಲ್ಲದಿದ್ದರೆ ಉರಿ ನಾಜಲ್ ಬಿಟ್ಟು ಹಾರಿ ಆರಿಹೋಗುತ್ತದೆ. ನಮ್ಮ ಕಡೆ ಅಸಿಟಿಲಿನ್ ನಾಜಲ್‌ಗೆ ಎಎನ್‌ಎಂ, ಎಲ್‌ಪಿಜಿ ನಾಜಲ್‌ಗೆ ಪಿಎನ್‌ಎಂ ಎಂದು ಕೇಳುತ್ತಾರೆ, ನಿಮಗೆ ಬೇಕಾದದ್ದು ಪಿಎನ್‌ಎಂ. 6 ಎಂಎಂ ಪ್ಲೇಟಿಗೆ 1/32 ಇಂಚಿನದು, 12 ಎಂಎಂಗೆ 3/64, 25 ಎಂಎಂಗೆ 1/16. ಈ ಮೂರು ಇದ್ದರೆ ನಿಮ್ಮ ಕೆಲಸ ನಡೆಯುತ್ತದೆ. ಆಕ್ಸಿಜನ್ ಒತ್ತಡ ಸುಮಾರು ಚದರ ಸೆಂಟಿಮೀಟರಿಗೆ ಎರಡರಿಂದ ಮೂರು ಕೆಜಿ ಸಾಕು. ಆರಕ್ಕೆ ಏರಿಸಿದರೆ ಬೇಗ ಕಟ್ ಆಗುತ್ತದೆ ಅನ್ನುವುದು ತಪ್ಪು, ಧಾರೆ ಕೆದರಿ ಅಂಚು ಹಾಳಾಗುತ್ತದೆ ಅಷ್ಟೇ.

ಸಿಲಿಂಡರ್ 19 ಕೆಜಿಯ ಕಮರ್ಷಿಯಲ್ಲೇ ಇರಲಿ. ಅಡುಗೆಮನೆಯ ಕೆಂಪು ಸಿಲಿಂಡರನ್ನು ಶೆಡ್ಡಿಗೆ ತರಬೇಡಿ. ಕಾನೂನು ಒಪ್ಪುವುದಿಲ್ಲ, ಅದರ ರೆಗ್ಯುಲೇಟರ್ ಒತ್ತಡವೂ ಟಾರ್ಚಿಗೆ ಸಾಲದು. ತಿರುಗಿಸಿ ಹೊಂದಿಸುವ ಹೈ ಪ್ರೆಶರ್ ಎಲ್‌ಪಿಜಿ ರೆಗ್ಯುಲೇಟರ್ ಬೇಕು. ಪೈಪೂ ಎಲ್‌ಪಿಜಿಗೆಂದು ಬರೆದಿರುವುದೇ ಆಗಬೇಕು, ಅಸಿಟಿಲಿನ್ ಪೈಪಿನ ರಬ್ಬರನ್ನು ಎಲ್‌ಪಿಜಿ ಒಳಗಿನಿಂದಲೇ ತಿನ್ನುತ್ತದೆ.

ಈಗ ಅರೆಸ್ಟರ್ ಬಗ್ಗೆ. ನಾನು ಕೆಲಸಕ್ಕೆ ಸೇರಿ ಮೂರನೇ ವರ್ಷ ಇರಬೇಕು. ಒಂದು ಅಂಗಡಿ ಕೊಟ್ಟ ಸೆಟ್‌ನಲ್ಲಿ ಅರೆಸ್ಟರ್ ಇರಲಿಲ್ಲ, ನಾವೂ ಕೇಳಲಿಲ್ಲ. ಸಂಜೆ ಹೊತ್ತು, 20 ಎಂಎಂ ಪ್ಲೇಟ್, ಆಕ್ಸಿಜನ್ ಮುಗಿಯುತ್ತಾ ಬಂದಿತ್ತು. ಇನ್ನೊಂದು ಗೇಣು ಉಳಿದಿದೆ, ಮುಗಿಸಿಬಿಡೋಣ ಎಂದು ಗೆಳೆಯ ಬಿಡಲಿಲ್ಲ. ಆಕ್ಸಿಜನ್ ಒತ್ತಡ ಬಿದ್ದ ಕೂಡಲೇ ಗ್ಯಾಸ್ ಆ ಪೈಪಿಗೆ ಹಿಮ್ಮುಖವಾಗಿ ನುಗ್ಗಿತು. ಟಾರ್ಚ್ ಒಳಗೆ ಸಿಳ್ಳೆ ಹೊಡೆದಂತೆ ಸದ್ದು, ಮರುಕ್ಷಣ ಹಿಡಿಯ ಹಿಂದೆಯೇ ನೀಲಿ ಪೈಪ್ ಸೀಳಿ ಬೆಂಕಿ ಬಂತು. ನಾನು ಓಡಿಹೋಗಿ ಸಿಲಿಂಡರುಗಳ ಕೀಲಿ ತಿರುಗಿಸಿದೆ. ಅವನ ಮುಂಗೈ ಸುಟ್ಟ ಗುರುತು ಇವತ್ತಿಗೂ ಇದೆ. ದಯವಿಟ್ಟು ನಾಲ್ಕು ಅರೆಸ್ಟರ್ ಹಾಕಿಸಿ. ಎರಡು ರೆಗ್ಯುಲೇಟರಿಗೆ, ಎರಡು ಟಾರ್ಚಿಗೆ, ಬಾಣದ ಗುರುತು ಗ್ಯಾಸ್ ಹೋಗುವ ದಿಕ್ಕಿಗೇ ಇರಲಿ. ಬೆಲೆ ನೋಡಿ ಎರಡು ಸಾಕು ಅನ್ನಬೇಡಿ. ಆಕ್ಸಿಜನ್ ಪೂರ್ತಿ ಮುಗಿಯುವವರೆಗೆ ಎಳೆಯಬೇಡಿ.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಿದು ಗುಂಡಿಯಲ್ಲಿ ಕೂರುತ್ತದೆ. ಟ್ರೇಲರ್ ಕೆಳಗೆ ಕೆಲಸ ಮಾಡಲು ನೆಲದಲ್ಲಿ ಗುಂಡಿ ತೋಡಿಸುವ ಯೋಚನೆ ಇದ್ದರೆ ಸಿಲಿಂಡರ್ ಅದರ ಹತ್ತಿರ ಬೇಡ. ಬೆಳಿಗ್ಗೆ ಜೋಡಿಸಿದ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ, ಕಡ್ಡಿ ಗೀರಿ ನೋಡಬೇಡಿ. ಆಕ್ಸಿಜನ್ ರೆಗ್ಯುಲೇಟರಿಗೆ ಎಣ್ಣೆ, ಗ್ರೀಸ್ ಸೋಕಲೇಬಾರದು. ಗ್ರೀಸ್ ಕೈಯಲ್ಲಿ ಸ್ಪ್ಯಾನರ್ ಹಿಡಿಯುವ ಹುಡುಗರಿಗೆ ಇದನ್ನು ಮೊದಲ ದಿನವೇ ಹೇಳಿ. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು, ಸರಪಳಿ ಕಟ್ಟಿರಬೇಕು.

ಸೆಟ್ ಬಂದ ದಿನ 12 ಎಂಎಂ ತುಂಡೊಂದನ್ನು ಇಟ್ಟುಕೊಂಡು ಅಭ್ಯಾಸ ಮಾಡಿ. ಲಿವರ್ ಒತ್ತಿ ಹಿಡಿದುಕೊಂಡೇ ಉರಿಯನ್ನು ಹೊಂದಿಸಿ. ಒಳಗಿನ ನೀಲಿ ಮೊನೆಗಳು ಚಿಕ್ಕದಾಗಿ, ಚೂಪಾಗಿ ಕಾಣಬೇಕು. ಕಿಡಿಗಳು ಪ್ಲೇಟಿನ ಕೆಳಗೆ ನೇರ ಬೀಳುತ್ತಿದ್ದರೆ ಸರಿ, ಮೇಲಕ್ಕೆ ಚಿಮ್ಮಿದರೆ ಕಟ್ ಆಳಕ್ಕೆ ಇಳಿದಿಲ್ಲ, ಕೈ ನಿಧಾನ ಮಾಡಿ. ಕಟ್ ಆದ ಅಂಚಿನ ಗೆರೆಗಳ ಫೋಟೋ ಇಲ್ಲಿ ಹಾಕಿ. ನೋಡಿ ನಾಜಲ್ ಬದಲಿಸಬೇಕಾ, ಒತ್ತಡ ಇಳಿಸಬೇಕಾ ಹೇಳುತ್ತೇನೆ.